ಚಳಿಗಾಲದ ಇರುಳಿನಲ್ಲಿ ಸಾಕು ಸರೀಸೃಪಗಳು: ದೆಹಲಿಯ ಮನೆಗಳಿಗೆ ತಕ್ಕ ಬೆಚ್ಚನೆಯ ಏರ್ಪಾಡು

ದೆಹಲಿಯ ಕನಿಷ್ಠ ಉಷ್ಣಾಂಶವೆಂದು ಪತ್ರಿಕೆಗಳಲ್ಲಿ ಪ್ರತಿದಿನ ಪ್ರಕಟವಾಗುವ ಅಂಕಿಯು ಸರೋಜಿನಿ ನಗರಕ್ಕೆ ಹತ್ತಿರದಲ್ಲೇ ಇರುವ ಸಫ್ದರ್‌ಜಂಗ್ ವೀಕ್ಷಣಾಲಯದ್ದು. ಆದ್ದರಿಂದ ಈ ಬಡಾವಣೆಯಲ್ಲಿ ವಾಸಿಸುವವರ ಪಾಲಿಗೆ ಅದು ದೂರದ ಸುದ್ದಿಯಲ್ಲ, ತಮ್ಮ ಕಿಟಕಿಯ ಹೊರಗಿನ ಚಳಿಯೇ ಆಗಿದೆ. ಜನವರಿಯಲ್ಲಿ ಅಲ್ಲಿನ ಸರಾಸರಿ ಕನಿಷ್ಠ ಉಷ್ಣಾಂಶ ಏಳೆಂಟು ಡಿಗ್ರಿ ಸೆಲ್ಸಿಯಸ್. 1935ರ ಜನವರಿ 16ರಂದು ಅದು ಶೂನ್ಯಕ್ಕಿಂತ 0.6 ಡಿಗ್ರಿ ಕೆಳಗಿಳಿದಿತ್ತು. 2021ರ ಹೊಸ ವರ್ಷದ ಬೆಳಗಿನಲ್ಲಿ 1.1 ಡಿಗ್ರಿ ದಾಖಲಾಯಿತು. ನಮ್ಮ ಬೆಂಗಳೂರಿನ ದಾಖಲೆಗಳಲ್ಲಿ ಅತ್ಯಂತ ಕಡಿಮೆ ಉಷ್ಣಾಂಶವೆಂದರೆ 1884ರ ಜನವರಿ 13ರ 7.8 ಡಿಗ್ರಿ. ಅಂದರೆ ಬೆಂಗಳೂರು ನೂರನಲವತ್ತು ವರ್ಷಗಳಲ್ಲಿ ಒಮ್ಮೆ ಕಂಡ ಚಳಿಯು ಇಲ್ಲಿ ಜನವರಿಯ ಒಂದು ಸಾಮಾನ್ಯ ರಾತ್ರಿಯೆನಿಸುತ್ತದೆ.

ಕರ್ನಾಟಕದಿಂದ ಬಂದು ನೆಲೆಸಿದ ನಾವು ಒಂದೆರಡು ವರ್ಷಗಳಲ್ಲೇ ರಜಾಯಿ, ಉಣ್ಣೆಯ ಟೋಪಿ, ರಾಡ್ ಹೀಟರುಗಳ ಸಂಸ್ಕೃತಿಗೆ ಒಗ್ಗಿಕೊಳ್ಳುತ್ತೇವೆ. ಆದರೆ ಈಚಿನ ವರ್ಷಗಳಲ್ಲಿ ಅನೇಕ ಮನೆಗಳಲ್ಲಿ ನಾಯಿ ಬೆಕ್ಕುಗಳ ಬದಲಿಗೆ, ಅಥವಾ ಅವುಗಳ ಜೊತೆಗೆ, ಗಾಜಿನ ತೊಟ್ಟಿಯೊಂದು ಕಾಣಿಸುತ್ತಿದೆ. ಅದರಲ್ಲಿ ಮಕ್ಕಳ ಹಟಕ್ಕೆ ಬಾಜಾರಿನಿಂದ ತಂದ ಪುಟ್ಟ ಆಮೆ. ಕೆಲವೆಡೆ ಇಗ್ವಾನಾ, ಬೇರ್ಡೆಡ್ ಡ್ರ್ಯಾಗನ್ ಎಂಬ ಗಡ್ಡದ ಹಲ್ಲಿ, ಬಾಲ್ ಪೈಥಾನ್ ಎಂಬ ಆಫ್ರಿಕದ ಸಣ್ಣ ಹೆಬ್ಬಾವು. ಮಾರುವವನು ಸಾಮಾನ್ಯವಾಗಿ ಇವುಗಳ ಆಹಾರದ ಡಬ್ಬಿಯನ್ನಷ್ಟೇ ಜೊತೆಗೆ ಕೊಡುತ್ತಾನೆ. ಡಿಸೆಂಬರ್ ತಿಂಗಳ ಮಾತನ್ನು ಎತ್ತುವುದಿಲ್ಲ. ಈ ಪ್ರಾಣಿಗಳನ್ನು ಚಳಿಗಾಲದ ರಾತ್ರಿಗಳಲ್ಲಿ ಬೆಚ್ಚಗಿಡುವ ಬಗೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಣ್ಣನೆಯ ರಕ್ತವೆಂಬ ತಪ್ಪು ಮಾತು

ಸರೀಸೃಪಗಳನ್ನು ಶೀತರಕ್ತದ ಪ್ರಾಣಿಗಳೆಂದು ಶಾಲೆಯಲ್ಲಿ ಓದಿದ್ದೇವೆ. ಈ ಪದವು ಸ್ವಲ್ಪ ದಾರಿ ತಪ್ಪಿಸುವಂಥದು. ಬಿಸಿಲಿನಲ್ಲಿ ಮೈಚಾಚಿದ ಓತಿಕ್ಯಾತದ ರಕ್ತವು ನಮ್ಮ ರಕ್ತದಷ್ಟೇ ಬೆಚ್ಚಗಿರಬಲ್ಲದು. ವ್ಯತ್ಯಾಸವಿರುವುದು ಆ ಶಾಖವು ಬರುವ ಮೂಲದಲ್ಲಿ. ನಾವು ಉಂಡ ಅನ್ನದ ಬಹುಭಾಗವನ್ನು ಮೈಯನ್ನು 37 ಡಿಗ್ರಿಯಲ್ಲಿಡಲು ವ್ಯಯಿಸುತ್ತೇವೆ. ಸರೀಸೃಪವು ಆ ಖರ್ಚನ್ನು ಸೂರ್ಯನಿಗೂ ಬಂಡೆಗೂ ಬಿಟ್ಟುಕೊಟ್ಟು, ಅಲ್ಪಾಹಾರದಲ್ಲಿ ಜೀವಿಸುತ್ತದೆ. ಈ ಮಿತವ್ಯಯಕ್ಕೆ ಅದು ತೆರುವ ಬೆಲೆಯೆಂದರೆ, ಸುತ್ತಲಿನ ಶಾಖ ತಗ್ಗಿದಾಗ ಅದರ ದೇಹದ ಸಮಸ್ತ ಕಾರ್ಯಗಳೂ ತಗ್ಗುತ್ತವೆ. ಉಷ್ಣಾಂಶವು ಹತ್ತು ಡಿಗ್ರಿ ಇಳಿದರೆ ಜೀವಕ್ರಿಯೆಯ ವೇಗ ಸುಮಾರಾಗಿ ಅರ್ಧಕ್ಕೆ, ಕೆಲವೊಮ್ಮೆ ಮೂರನೆಯ ಒಂದು ಭಾಗಕ್ಕೆ ಕುಸಿಯುತ್ತದೆ. ಜೀರ್ಣಶಕ್ತಿ, ಉಸಿರಾಟ, ಚಲನೆ ಮಾತ್ರವಲ್ಲದೆ ರೋಗ ನಿರೋಧಕ ಶಕ್ತಿಯೂ ಈ ಪಟ್ಟಿಗೆ ಸೇರಿದೆ ಎಂಬುದನ್ನು ಮರೆಯಬಾರದು.

ಮೈಯೊಳಗಿನಿಂದಲೇ ಶಾಖ ಹುಟ್ಟಿಸುವ ಸರೀಸೃಪಗಳು ಇಲ್ಲವೇ ಇಲ್ಲವೆಂದಲ್ಲ. ನಮ್ಮ ಹೆಬ್ಬಾವಿನ ತಾಯಿ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಕುಳಿತು, ಮೈಯ ಸ್ನಾಯುಗಳನ್ನು ಅದುರಿಸಿ ಕಾವು ಕೊಡುತ್ತದೆ. 1966ರಲ್ಲಿ ನ್ಯೂಯಾರ್ಕಿನ ಮೃಗಾಲಯದಲ್ಲಿ ವಿಜ್ಞಾನಿಗಳು ಇದನ್ನು ಅಳೆದು ದೃಢಪಡಿಸಿದರು. ಆಗುಂಬೆಯ ಕಾಡುಗಳಲ್ಲಿ ಕಾಳಿಂಗ ಸರ್ಪದ ಹೆಣ್ಣು ಇನ್ನೊಂದು ಉಪಾಯ ಹೂಡುತ್ತದೆ. ಒಣಗಿದ ತರಗೆಲೆಗಳನ್ನು ಮೈಯಿಂದ ತಳ್ಳಿ ಗುಡ್ಡೆ ಹಾಕಿ ಗೂಡು ಕಟ್ಟುತ್ತದೆ. ಕೊಳೆಯುವ ಎಲೆಗಳ ಶಾಖವು ಮಳೆಗಾಲದ ಚಳಿಯಲ್ಲೂ ಒಳಗಿನ ಮೊಟ್ಟೆಗಳನ್ನು ಕಾಯುತ್ತದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಕಾಳಿಂಗ ಮಾತ್ರ. ಆದರೆ ಇವೆಲ್ಲ ಮೊಟ್ಟೆಯ ಕಾಲದ ವಿಶೇಷಗಳು. ಉಳಿದಂತೆ, ಬೆಚ್ಚಗಿನ ತಾಣವನ್ನು ಹುಡುಕಿಕೊಂಡು ಹೋಗುವುದೊಂದೇ ಸರೀಸೃಪಕ್ಕಿರುವ ದಾರಿ. ಗಾಜಿನ ಪೆಟ್ಟಿಗೆಯಲ್ಲಿಟ್ಟಾಗ ನಾವು ಆ ದಾರಿಯನ್ನೇ ಮುಚ್ಚಿರುತ್ತೇವೆ.

ದೆಹಲಿಯ ಹಲ್ಲಿಗಳನ್ನು ಗಮನಿಸಿದವರಿಗೆ ಇದು ತಿಳಿದಿರುತ್ತದೆ. ದೀಪಾವಳಿಯವರೆಗೆ ಟ್ಯೂಬ್‌ಲೈಟಿನ ಬಳಿ ಹುಳಗಳಿಗಾಗಿ ಹೊಂಚುತ್ತಿದ್ದ ಹಲ್ಲಿಗಳು ಡಿಸೆಂಬರ್ ಹೊತ್ತಿಗೆ ಮಾಯವಾಗುತ್ತವೆ. ಊರಿನಲ್ಲಾದರೆ ವರ್ಷವಿಡೀ ನಮ್ಮ ಮಾತಿಗೆ ಲೊಚಗುಟ್ಟಿ ‘ಸತ್ಯ’ವೆನ್ನಲು ಒಂದು ಹಲ್ಲಿಯಾದರೂ ಇರುತ್ತದೆ, ಇಲ್ಲಿ ಎರಡು ತಿಂಗಳು ನಾವು ಆಡಿದ್ದಕ್ಕೆ ಸಾಕ್ಷಿಯೇ ಇಲ್ಲ. ಅವು ಗೋಡೆಯ ಬಿರುಕು, ಕ್ಯಾಲೆಂಡರಿನ ಹಿಂಭಾಗ, ಕಪಾಟಿನ ಸಂದುಗಳಲ್ಲಿ ಹೊಟ್ಟೆ ಖಾಲಿ ಮಾಡಿಕೊಂಡು ಜಡವಾಗಿ ಮಲಗಿರುತ್ತವೆ. ರಾಜಸ್ಥಾನದ ಮರಳುಗಾಡಿನ ಸಾಂಡಾ ಹಲ್ಲಿಯೂ ಹೀಗೆಯೇ ಬಿಲ ಸೇರಿ, ಬಾಯಿಗೆ ಮಣ್ಣು ಮುಚ್ಚಿಕೊಂಡು ಚಳಿಗಾಲ ಕಳೆಯುತ್ತದೆ. ಕೆಲವು ಅಡಿ ಮಣ್ಣಿನ ಕೆಳಗೆ ರಾತ್ರಿಯ ಚಳಿ ತಲುಪುವುದಿಲ್ಲ.

‘ಹಾಗಿದ್ದರೆ ನಮ್ಮ ಆಮೆಯೂ ಮಲಗಲಿ ಬಿಡಿ’ ಎನ್ನುವವರಿದ್ದಾರೆ. ದೆಹಲಿಯ ಮನೆಗಳಲ್ಲಿ ನಡೆಯುವ ಅತಿ ದೊಡ್ಡ ಅನರ್ಥ ಇದೇ. ನಿಜವಾದ ಶೀತನಿದ್ರೆಗೆ ಮೊದಲು ಹೊಟ್ಟೆ ಖಾಲಿಯಾಗಬೇಕು, ಪ್ರಾಣಿ ಆರೋಗ್ಯವಾಗಿ ಮೈತುಂಬಿಕೊಂಡಿರಬೇಕು, ಆಮೇಲೆ ವಾರಗಟ್ಟಲೆ ಒಂದೇ ಸಮನಾದ, ಹತ್ತು ಡಿಗ್ರಿಗಿಂತ ಕೆಳಗಿನ ಚಳಿ ಬೇಕು. ಬಿಸಿ ಮಾಡದ ನಮ್ಮ ಕೊಠಡಿಗಳಲ್ಲಿ ಜನವರಿಯ ಬೆಳಗಿನ ಜಾವ ಹನ್ನೆರಡು ಹದಿಮೂರು ಡಿಗ್ರಿ. ಅಡುಗೆಮನೆಯಲ್ಲಿ ಒಲೆ ಹಚ್ಚಿ, ಹಾಲಿನಲ್ಲಿ ರಾಡ್ ಹೀಟರ್ ಉರಿಸಿದ ಸಂಜೆ ಹದಿನೆಂಟು. ಇದು ನಿದ್ರೆಗೂ ಸಲ್ಲದ, ಎಚ್ಚರಕ್ಕೂ ಸಲ್ಲದ ಎಡೆಬಿಡಂಗಿ ಸ್ಥಿತಿ. ಸಂಜೆ ತುಸು ಬೆಚ್ಚಗಾದಾಗ ಪ್ರಾಣಿ ಕಣ್ಣು ಬಿಡುತ್ತದೆ, ಮಕ್ಕಳು ಕನಿಕರದಿಂದ ಆಹಾರ ಹಾಕುತ್ತಾರೆ, ಅದು ತಿನ್ನುತ್ತದೆ. ರಾತ್ರಿ ಮೈ ತಣ್ಣಗಾಗಿ ಜೀರ್ಣಕ್ರಿಯೆ ನಿಲ್ಲುತ್ತದೆ, ತಿಂದದ್ದು ಕರುಳಿನಲ್ಲೇ ಕೊಳೆಯುತ್ತದೆ. ಇದೇ ವೇಳೆಗೆ ಶ್ವಾಸಕೋಶದಲ್ಲಿ ಸೋಂಕು ನೆಲೆಸುತ್ತದೆ.

ಒಂದು ತೊಟ್ಟಿಯ ಕಥೆ

ಈ ಮಾತುಗಳನ್ನು ಪುಸ್ತಕ ಓದಿ ಬರೆಯುತ್ತಿಲ್ಲ. ಆಗ ನಾವು ಪತ್ನಿಗೆ ದೊರೆತಿದ್ದ ಸರೋಜಿನಿ ನಗರದ ಹಳೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ಕಿಟಕಿಯ ಕದಗಳು ಪೂರ್ತಿ ಕೂಡುತ್ತಿರಲಿಲ್ಲ. 2019ರ ಡಿಸೆಂಬರ್ ಅನೇಕರಿಗೆ ನೆನಪಿರಬಹುದು. ಆ ತಿಂಗಳ 30ರಂದು ಸಫ್ದರ್‌ಜಂಗಿನಲ್ಲಿ ಗರಿಷ್ಠ ಉಷ್ಣಾಂಶವೇ 9.4 ಡಿಗ್ರಿ, 1901ರಿಂದ ಈಚೆಗೆ ಅಷ್ಟು ತಣ್ಣನೆಯ ಡಿಸೆಂಬರ್ ಹಗಲು ದೆಹಲಿಗೆ ಬಂದಿರಲಿಲ್ಲ. ಮಗಳ ಆಮೆಯ ತೊಟ್ಟಿಯ ಮೇಲೆ ನಾನು 40 ವ್ಯಾಟಿನ ಒಂದು ಬಲ್ಬನ್ನು ತೂಗುಹಾಕಿದ್ದೆ. ಕೈಯೊಡ್ಡಿದರೆ ಬಲ್ಬಿನ ಕೆಳಗೆ ಹಿತವಾದ ಶಾಖವಿತ್ತು. ಕರ್ತವ್ಯ ಮುಗಿಯಿತೆಂದು ಭಾವಿಸಿದೆ. ಜನವರಿಯ ಮೊದಲ ವಾರ ಆಮೆ ಒಂದು ಪಕ್ಕಕ್ಕೆ ವಾಲಿ ತೇಲತೊಡಗಿತು. ಮೂಗಿನಲ್ಲಿ ಗುಳ್ಳೆಗಳು ಬರುತ್ತಿದ್ದವು. ನ್ಯುಮೋನಿಯಾ ಎಂದರು ಪಶುವೈದ್ಯರು. ನೀರಿನ ಉಷ್ಣಾಂಶ ಎಷ್ಟೆಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಬೆಳಗಿನ ಐದಕ್ಕೆ ಎದ್ದು ಅಳೆದಾಗ 13 ಡಿಗ್ರಿ. ಚುಚ್ಚುಮದ್ದು ಕೊಡಿಸಿದರೂ ಒಂಬತ್ತನೆಯ ದಿನ ಅದು ಸತ್ತಿತು. ಬ್ಯಾಂಕಿನಲ್ಲಿ ಪ್ರತಿ ಸಂಜೆ ಪೈಸೆ ಪೈಸೆಗೂ ತಾಳೆ ನೋಡುವವನು ಆ ನೀರಿಗೆ ಒಂದು ಥರ್ಮಾಮೀಟರನ್ನು ಇಳಿಸಿರಲಿಲ್ಲ.

ಆದ್ದರಿಂದ ಮೊದಲು ಕೊಳ್ಳಬೇಕಾದ ಸಾಧನ ಥರ್ಮಾಮೀಟರೇ ಹೊರತು ಹೀಟರಲ್ಲ. ಉದ್ದನೆಯ ತಂತಿಯ ತುದಿಯಲ್ಲಿ ಸಂವೇದಕವಿರುವ ಡಿಜಿಟಲ್ ಮಾಪಕವು ಅಲಂಕಾರದ ಮೀನು ಮಾರುವ ಅಂಗಡಿಗಳಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ. ಅಳೆಯಬೇಕಾದುದು ಪ್ರಾಣಿ ಮಲಗುವ ಜಾಗದಲ್ಲಿ, ಅದರ ಎತ್ತರದಲ್ಲಿ. ಗಾಜಿಗೆ ಅಂಟಿಸುವ ಬಣ್ಣದ ಪಟ್ಟಿಗಳು ಗಾಜಿನ ಉಷ್ಣಾಂಶವನ್ನು ಹೇಳುತ್ತವೆಯೇ ಹೊರತು ಒಳಗಿನದನ್ನಲ್ಲ. ಅಳೆಯಬೇಕಾದ ಹೊತ್ತು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ, ಏಕೆಂದರೆ ರಾತ್ರಿಯ ಅತಿ ಕಡಿಮೆ ಉಷ್ಣಾಂಶ ಆಗಲೇ ಬರುತ್ತದೆ. ಕನಿಷ್ಠ ಗರಿಷ್ಠಗಳನ್ನು ನೆನಪಿಟ್ಟುಕೊಳ್ಳುವ ಮಾಪಕವಾದರೆ ರಜಾಯಿ ಬಿಟ್ಟು ಏಳುವ ಕಷ್ಟವೂ ತಪ್ಪುತ್ತದೆ.

ಯಾವ ಪ್ರಾಣಿಗೆ ಎಷ್ಟು

ಬಾಜಾರಿನಲ್ಲಿ ಹೆಚ್ಚಾಗಿ ಮಾರಾಟವಾಗುವುದು ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಅಮೆರಿಕದ ‘ರೆಡ್ ಇಯರ್ಡ್ ಸ್ಲೈಡರ್’ ಆಮೆ. ಇದರ ನೀರು ಹಗಲೂ ರಾತ್ರಿಯೂ 24ರಿಂದ 27 ಡಿಗ್ರಿಯಲ್ಲಿರಬೇಕು. ಮರಿಗಳಿಗೆ ಈ ಮಿತಿಯ ಮೇಲ್ತುದಿ ಒಳ್ಳೆಯದು. ಹಗಲಿನಲ್ಲಿ ನೀರಿನಿಂದ ಮೇಲೆ ಬಂದು ಮೈ ಕಾಯಿಸಿಕೊಳ್ಳುವ ಒಣ ಜಾಗದಲ್ಲಿ 30ರಿಂದ 35 ಡಿಗ್ರಿ ಬೇಕು. ರಾತ್ರಿ ಆ ದೀಪ ಆರಿದರೂ ಚಿಂತೆಯಿಲ್ಲ. ಆದರೆ ನೀರಿನ ಮೇಲಿನ ಗಾಳಿಯು ನೀರಿಗಿಂತ ಬಹಳ ತಣ್ಣಗಿರಬಾರದು. ಬೆಚ್ಚಗಿನ ನೀರಿನಿಂದ ತಲೆಯೆತ್ತಿ ಹಿಮದಂಥ ಗಾಳಿಯನ್ನು ಉಸಿರಾಡುವುದು ಅದರ ಶ್ವಾಸಕೋಶಕ್ಕೆ ಹಾನಿಕರ. ತೊಟ್ಟಿಯ ಬಾಯಿಯನ್ನು ಮುಕ್ಕಾಲು ಭಾಗ ಮುಚ್ಚಿದರೆ ಈ ಸಮಸ್ಯೆ ಬಹುಮಟ್ಟಿಗೆ ನೀಗುತ್ತದೆ.

ಬಾಲ್ ಪೈಥಾನಿಗೆ ಗೂಡಿನ ಒಂದು ಬದಿಯಲ್ಲಿ 31ರಿಂದ 33 ಡಿಗ್ರಿ, ಇನ್ನೊಂದು ಬದಿಯಲ್ಲಿ 25ರಿಂದ 27 ಡಿಗ್ರಿಯಿರಬೇಕು. ರಾತ್ರಿಯಲ್ಲೂ ಯಾವ ಮೂಲೆಯೂ 24ಕ್ಕಿಂತ ಇಳಿಯದಿರುವುದು ಲೇಸು. ಇಗ್ವಾನಾ ಕೂಡ ಉಷ್ಣವಲಯದ ಕಾಡಿನದು. ಅದಕ್ಕೂ ಇರುಳಿನ ಮಿತಿ ಹೆಚ್ಚುಕಡಿಮೆ ಇಷ್ಟೇ. ಆಸ್ಟ್ರೇಲಿಯದ ಒಣ ಬಯಲಿನಿಂದ ಬಂದ ಗಡ್ಡದ ಹಲ್ಲಿ ಮಾತ್ರ ಹಗಲಿನಲ್ಲಿ ನಲವತ್ತು ಡಿಗ್ರಿಯ ಕಾಯುವ ಜಾಗ ಬಯಸಿದರೂ, ಇರುಳಿನಲ್ಲಿ 18ರವರೆಗಿನ ಇಳಿಕೆಯನ್ನು ಸುಖವಾಗಿ ತಾಳಿಕೊಳ್ಳುತ್ತದೆ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ರಾತ್ರಿ ಸ್ವಲ್ಪ ತಂಪಾಗುವುದು ನಿಸರ್ಗದ ಕ್ರಮವೇ ಆಗಿದೆ. ಪ್ರೀತಿ ಹೆಚ್ಚಾಗಿ ಇಡೀ ಗೂಡನ್ನು ಇಪ್ಪತ್ನಾಲ್ಕು ಗಂಟೆಯೂ ಒಂದೇ ಸಮನೆ ಬಿಸಿಯಾಗಿಡುವುದು ಕೂಡ ತಪ್ಪು. ನೆಲದ ಮೇಲಿನ ಪ್ರಾಣಿಗಳ ಗೂಡಿನಲ್ಲಿ ಶಾಖದ ಮೂಲವನ್ನು ಒಂದು ಬದಿಗೆ, ಹೆಚ್ಚೆಂದರೆ ಮೂರನೆಯ ಒಂದು ಭಾಗಕ್ಕೆ ಸೀಮಿತಗೊಳಿಸಿ, ಎರಡೂ ಬದಿಗಳಲ್ಲಿ ಅಡಗುವ ತಾಣವಿಡಬೇಕು. ತನಗೆ ಬೇಕಾದ ಶಾಖವನ್ನು ಪ್ರಾಣಿಯೇ ಆರಿಸಿಕೊಳ್ಳಲಿ.

ನಕ್ಷತ್ರ ಆಮೆಯ ಬಗ್ಗೆ ಎಚ್ಚರಿಕೆ

ಕೋಲಾರದ ಕಡೆಯ ಒಣ ಬಯಲುಗಳಲ್ಲಿ ಕಾಣುವ, ಚಿಪ್ಪಿನ ಮೇಲೆ ಹಳದಿ ನಕ್ಷತ್ರಗಳಿರುವ ಆಮೆಯನ್ನು ಮನೆಗೆ ಶುಭವೆಂದು ನಂಬಿ ಇಟ್ಟುಕೊಳ್ಳುವವರು ಇಂದಿಗೂ ಇದ್ದಾರೆ; ಅದು ದೆಹಲಿಯ ಚಳಿಗೂ ತಕ್ಕದ್ದಲ್ಲ. ಆದರೆ ಅದನ್ನು ಬೆಚ್ಚಗಿಡುವ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದು, 2023ರ ಏಪ್ರಿಲ್ 1ರಿಂದ ಜಾರಿಗೊಳಿಸಿದ ತಿದ್ದುಪಡಿಯ ಪ್ರಕಾರ ಅದು ಮೊದಲನೆಯ ಅನುಸೂಚಿಯಲ್ಲಿದೆ. ಶಿಕ್ಷೆ ಮೂರರಿಂದ ಏಳು ವರ್ಷಗಳ ಸೆರೆವಾಸ ಮತ್ತು ದಂಡ. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ‘ಸೈಟೀಸ್’ ಕೂಡ ಅದರ ವ್ಯಾಪಾರವನ್ನು ಸಂಪೂರ್ಣ ನಿಷೇಧಿಸುವ ಪಟ್ಟಿಗೆ ಸೇರಿಸಿತು. ಅಂಥದೊಂದು ಕೈಸೇರಿದ್ದರೆ ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ಮಾರ್ಗ.

ಬಾಲ್ ಪೈಥಾನ್, ಇಗ್ವಾನಾಗಳಂಥ ವಿದೇಶಿ ಪ್ರಾಣಿಗಳನ್ನು ಸಾಕಿದವರು 2024ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಜಾಲತಾಣದಲ್ಲಿ ಅವುಗಳನ್ನು ನೋಂದಾಯಿಸಬೇಕು. ಅಮೆರಿಕದ ಆಮೆಯ ವಿಷಯದಲ್ಲಿ ಬೇರೊಂದು ಎಚ್ಚರ ಅಗತ್ಯ: ಸಾಕಲು ಬೇಸರವಾಯಿತೆಂದು ಯಮುನೆಗೋ ಉದ್ಯಾನದ ಕೊಳಕ್ಕೋ ದೇವಸ್ಥಾನದ ಪುಷ್ಕರಿಣಿಗೋ ಬಿಡಬಾರದು. ಅದು ಅಲ್ಲಿ ಬದುಕಿಕೊಂಡರೆ ನಮ್ಮ ದೇಶದ ಆಮೆಗಳ ಅನ್ನಕ್ಕೂ ಜಾಗಕ್ಕೂ ಕುತ್ತು ತರುತ್ತದೆ.

ಶಾಖದ ಸಾಧನಗಳು

ನೀರಿನ ಆಮೆಗೆ ಅಕ್ವೇರಿಯಮ್ ಹೀಟರಿಗಿಂತ ಉತ್ತಮವಾದುದಿಲ್ಲ. ನನ್ನ ಬಲ್ಬು ಸೋತದ್ದು ಇಲ್ಲಿಯೇ: ಮೇಲಿನಿಂದ ಬಿದ್ದ ಶಾಖವು ನೀರಿನ ಮೇಲ್ಪದರವನ್ನು ತಾಕಿ ಆವಿಯಾಗಿ ಹೋಗುತ್ತಿತ್ತು, ಕೆಳಗಿನ ನೀರು ಕೋಣೆಯ ಉಷ್ಣಾಂಶದಲ್ಲೇ ಉಳಿಯಿತು. ಹೀಟರಿನ ಸಾಮರ್ಥ್ಯವನ್ನು ಲೀಟರಿಗೆ ಒಂದು ವ್ಯಾಟಿನಂತೆ ಲೆಕ್ಕ ಹಾಕುವುದು ರೂಢಿ. ದೆಹಲಿಯ ಜನವರಿಗೆ ಅದು ಸಾಲದು. ನೀರನ್ನು 13ರಿಂದ 25ಕ್ಕೆ ಏರಿಸಿ ನಿಲ್ಲಿಸಬೇಕಾದಲ್ಲಿ ಲೀಟರಿಗೆ ಒಂದೂವರೆಯಿಂದ ಎರಡು ವ್ಯಾಟ್ ಬೇಕು. 60 ಲೀಟರ್ ನೀರಿಗೆ 100 ವ್ಯಾಟಿನ ಹೀಟರ್ ಸರಿಹೋಗುತ್ತದೆ. ಅದು ದಿನವಿಡೀ ಉರಿದರೂ ಎರಡೂವರೆ ಯೂನಿಟ್ ವಿದ್ಯುತ್ತನ್ನು ಮೀರದು. ಥರ್ಮೋಸ್ಟಾಟ್ ನಡುನಡುವೆ ಆರಿಸುವುದರಿಂದ ನಿಜವಾದ ಖರ್ಚು ಇನ್ನೂ ಕಡಿಮೆ. ಗಾಜಿನ ಕೊಳವೆಯನ್ನು ಆಮೆ ಡಿಕ್ಕಿ ಹೊಡೆದು ಒಡೆಯಬಲ್ಲದಾದ್ದರಿಂದ ಪ್ಲಾಸ್ಟಿಕ್ಕಿನ ಜಾಲರಿ ಕವಚ ಅವಶ್ಯ. ನೀರು ಬದಲಿಸುವ ಮುನ್ನ ಪ್ಲಗ್ ಕಿತ್ತು ಹದಿನೈದು ನಿಮಿಷ ಬಿಡಬೇಕು. ಉರಿಯುತ್ತಿರುವ ಹೀಟರ್ ನೀರಿನಿಂದ ಹೊರಬಂದರೆ ಸಿಡಿಯುತ್ತದೆ.

ಹಾವು, ಹಲ್ಲಿಗಳ ಒಣ ಗೂಡಿಗೆ ರಾತ್ರಿಯ ವೇಳೆ ಬೆಳಕಿಲ್ಲದ ಶಾಖ ಬೇಕು. ಹಿಂದೆ ಕೆಂಪು ಬಲ್ಬು ಹಾಕಿದರೆ ಸರೀಸೃಪಗಳಿಗೆ ಕಾಣುವುದಿಲ್ಲವೆಂದು ಹೇಳುತ್ತಿದ್ದರು. ಅನೇಕ ಸರೀಸೃಪಗಳಿಗೆ ಕೆಂಪು ಬಣ್ಣ ಕಾಣುತ್ತದೆ. ಇರುಳಿಡೀ ಉರಿಯುವ ದೀಪ ಅವುಗಳ ಹಗಲು ರಾತ್ರಿಯ ಲಯವನ್ನು ಕೆಡಿಸುತ್ತದೆ. ಬಲ್ಬಿನಂತೆಯೇ ಹೋಲ್ಡರಿಗೆ ಸಿಕ್ಕಿಸುವ, ಆದರೆ ಬೆಳಕು ಕೊಡದ ಸೆರಾಮಿಕ್ ಹೀಟರುಗಳು ಈ ಕೆಲಸಕ್ಕೆ ತಕ್ಕವು. ಅವುಗಳ ಮೈ ಇನ್ನೂರು ಡಿಗ್ರಿಯನ್ನೂ ಮೀರಿ ಕಾಯುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಹೋಲ್ಡರ್ ಸಲ್ಲದು, ಪಿಂಗಾಣಿಯದೇ ಬೇಕು. ಪ್ರಾಣಿ ಮುಟ್ಟದಂತೆ ಸುತ್ತ ತಂತಿಬಲೆಯೂ ಇರಬೇಕು. ತನ್ನ ಮೈ ಸುಡುತ್ತಿರುವುದನ್ನು ಅರಿತು ಹಾವು ಒಡನೆ ಸರಿಯುತ್ತದೆಂದು ನಂಬುವಂತಿಲ್ಲ. ಈ ಕಾರಣಕ್ಕಾಗಿಯೇ ಗೂಡಿನೊಳಗೆ ಇಡುವ ‘ಬಿಸಿ ಕಲ್ಲು’ಗಳನ್ನು ಕೊಳ್ಳಬಾರದು, ಹೊಟ್ಟೆ ಸುಟ್ಟುಕೊಂಡ ಪ್ರಾಣಿಗಳಿಗೆ ಅವು ಕುಖ್ಯಾತ. ಗಾಜಿನ ತಳಕ್ಕೆ ಹೊರಗಿನಿಂದ ಅಂಟಿಸುವ ಹೀಟ್ ಮ್ಯಾಟ್ ನೆಲವನ್ನು ಬೆಚ್ಚಗಿಡುತ್ತದೆ, ಗಾಳಿಯನ್ನಲ್ಲ. ಆದುದರಿಂದ ಜನವರಿಯಲ್ಲಿ ಅದೊಂದನ್ನೇ ನೆಚ್ಚುವಂತಿಲ್ಲ.

ಯಾವ ಸಾಧನವಾದರೂ ಥರ್ಮೋಸ್ಟಾಟ್ ಇಲ್ಲದೆ ಅಪಾಯಕಾರಿ. ಡಿಸೆಂಬರಿನ ಚಳಿಗೆ ಸರಿಯಾದ ಹೀಟರ್ ಫೆಬ್ರವರಿಯ ಮಧ್ಯಾಹ್ನ ಪ್ರಾಣಿಯನ್ನು ಬೇಯಿಸೀತು. ಬಿಡಿಯಾಗಿ ದೊರೆಯುವ ಡಿಜಿಟಲ್ ನಿಯಂತ್ರಕವನ್ನು 25ಕ್ಕಿಟ್ಟು, ಹೀಟರಿನೊಳಗೇ ಇರುವ ಥರ್ಮೋಸ್ಟಾಟನ್ನು 27ಕ್ಕಿಟ್ಟರೆ, ಮೊದಲನೆಯದು ಕೆಟ್ಟರೂ ಎರಡನೆಯದು ಕಾಯುತ್ತದೆ. ಸಂವೇದಕದ ತಂತಿ ನೀರಿನಿಂದ ಜಾರಿ ಹೊರಬೀಳದಂತೆ ಬಿಗಿಯಬೇಕು. ಅದು ಹೊರಗೆ ಬಿದ್ದರೆ ಕೋಣೆಯ ಚಳಿಯನ್ನೇ ಅಳೆದು, ಹೀಟರನ್ನು ನಿಲ್ಲಿಸದೆ ಉರಿಸುತ್ತದೆ. ಹಳೆಯ ಮನೆಗಳ ವೈರಿಂಗ್ ಬಗ್ಗೆ ಹೇಳಬೇಕಾಗಿಲ್ಲ: ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ರೂಮ್ ಹೀಟರ್, ಗೀಸರುಗಳ ಜೊತೆ ಇದನ್ನು ಸೇರಿಸಬಾರದು. ತೊಟ್ಟಿಯಿಂದ ಬರುವ ತಂತಿಯನ್ನು ಸಾಕೆಟ್ಟಿಗಿಂತ ಕೆಳಗೆ ಇಳಿಬಿಟ್ಟು ಮತ್ತೆ ಮೇಲಕ್ಕೆ ಒಯ್ದರೆ ಅದರ ಗುಂಟ ಹರಿದ ನೀರು ನೆಲಕ್ಕೆ ತೊಟ್ಟಿಕ್ಕುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

ಹುಟ್ಟಿದ ಶಾಖವನ್ನು ಹಿಡಿದಿಡುವುದು ಹುಟ್ಟಿಸುವಷ್ಟೇ ಮುಖ್ಯ, ಅದಕ್ಕಿಂತ ಅಗ್ಗ. ತೊಟ್ಟಿಯ ಹಿಂಭಾಗಕ್ಕೂ ಎರಡು ಪಕ್ಕಗಳಿಗೂ ತಳಕ್ಕೂ ಅರ್ಧ ಅಂಗುಲದ ಥರ್ಮೋಕೋಲ್ ಹಾಳೆ ಹೊದಿಸಬೇಕು. ನೆಲದ ಮೇಲೆ ಇಡಬಾರದು, ತಣ್ಣನೆಯ ಗಾಳಿ ಅಲ್ಲೇ ಮಡುಗಟ್ಟುತ್ತದೆ. ಹೊರಗೋಡೆ, ಕಿಟಕಿ, ಬಾಲ್ಕನಿಯ ಬಾಗಿಲುಗಳಿಂದ ದೂರವಾಗಿ, ಒಳಗೋಡೆಗೆ ಸೇರಿಸಿ ಮೇಜಿನ ಮೇಲಿಡುವುದು ಲೇಸು. ಇಷ್ಟು ಮಾಡಿದಾಗ ನಮ್ಮ ಮನೆಯ ಈಗಿನ ತೊಟ್ಟಿಯಲ್ಲಿ ಹೀಟರ್ ಉರಿಯುವ ಹೊತ್ತು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಆದರೆ ಸೆರಾಮಿಕ್ ಹೀಟರಿನ ಬಳಿ ಥರ್ಮೋಕೋಲ್ ಆಗಲಿ ರಜಾಯಿ ಆಗಲಿ ಸುಳಿಯಬಾರದು. ಗಾಳಿಯಾಡಲು ಮೇಲೆ ಒಂದಿಷ್ಟು ಜಾಗವನ್ನೂ ಬಿಡಬೇಕು. ಗಾಜಿನ ಮೇಲೆ ಸದಾ ಹನಿ ಕಟ್ಟಿದ ಗೂಡು ಹಾವಿನ ಚರ್ಮಕ್ಕೆ ಒಳ್ಳೆಯದಲ್ಲ.

ವಿದ್ಯುತ್ ಹೋದ ರಾತ್ರಿ

ಮೊದಲಿನಷ್ಟು ಅಲ್ಲದಿದ್ದರೂ ಚಳಿಗಾಲದ ಬೆಳಗಿನ ಜಾವ ವಿದ್ಯುತ್ ಕೈಕೊಡುವುದುಂಟು. 60 ಲೀಟರ್ ನೀರು ಒಂದು ಡಿಗ್ರಿ ತಣ್ಣಗಾಗಲು ಸುಮಾರು 70 ವ್ಯಾಟ್-ಗಂಟೆಯಷ್ಟು ಶಾಖವನ್ನು ಕಳೆದುಕೊಳ್ಳಬೇಕು. ಆದ್ದರಿಂದ ಹೊದಿಕೆಯಿರುವ ತೊಟ್ಟಿಯ ನೀರು ಗಂಟೆಗೆ ಸುಮಾರು ಒಂದು ಡಿಗ್ರಿಯಂತೆ ಮಾತ್ರ ಇಳಿಯುತ್ತದೆ. ಮೂರು ಗಂಟೆ ವಿದ್ಯುತ್ ಇಲ್ಲದಿದ್ದರೂ ಆಮೆಗೆ ಅಪಾಯವಿಲ್ಲ. ಹಾವಿನ ಗೂಡಿನ ಪಾಡು ಬೇರೆ. ಅದರಲ್ಲಿರುವುದು ಗಾಳಿ ಮಾತ್ರ. ಗಂಟೆಯೊಳಗೆ ಕೋಣೆಯ ಚಳಿಯೇ ಗೂಡಿನ ಚಳಿಯಾಗುತ್ತದೆ. ಅಂಥ ಮನೆಗಳಲ್ಲಿ ಇನ್ವರ್ಟರಿಗೆ ಈ ಒಂದು ಹೀಟರನ್ನು ಜೋಡಿಸುವುದು ಉಚಿತ. ಚೆನ್ನಾಗಿರುವ 150 ಆಂಪಿಯರ್-ಗಂಟೆಯ ಬ್ಯಾಟರಿ 100 ವ್ಯಾಟಿನ ಹೀಟರನ್ನು ರಾತ್ರಿಯಿಡೀ ನಡೆಸಬಲ್ಲದು.

ಇನ್ವರ್ಟರ್ ಇಲ್ಲದವರಿಗೆ ಬಿಸಿನೀರಿನ ಬಾಟಲಿಯೇ ಗತಿ. ಎರಡು ಲೀಟರಿನ ಬಾಟಲಿಯಲ್ಲಿ 50 ಡಿಗ್ರಿಯ ನೀರು ತುಂಬಿ, ಟವೆಲ್ ಸುತ್ತಿ ಗೂಡಿನೊಳಗಿಟ್ಟರೆ, ಅದು 25ಕ್ಕೆ ಇಳಿಯುವಷ್ಟರಲ್ಲಿ 60 ವ್ಯಾಟಿನ ಬಲ್ಬು ಒಂದು ಗಂಟೆ ಕೊಡುವಷ್ಟು ಶಾಖವನ್ನು ಬಿಟ್ಟುಕೊಟ್ಟಿರುತ್ತದೆ. ಕುದಿಯುವ ನೀರನ್ನು ತುಂಬಬಾರದು. ಕೆಲವರು ಪ್ರಾಣಿಯನ್ನು ಬಟ್ಟೆಯ ಚೀಲದಲ್ಲಿ ಹಾಕಿ ತಮ್ಮ ರಜಾಯಿಯೊಳಗೆ ಇಟ್ಟುಕೊಂಡ ಕಥೆಗಳನ್ನು ಕೇಳಿದ್ದೇನೆ. ಮೆಚ್ಚುವುದೋ ನಗುವುದೋ ತಿಳಿಯದು.

ಯಾವ ಕಾರಣಕ್ಕೂ ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಂಗೀಠಿಯನ್ನು ಇಡಬಾರದು. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲದಿಂದ ನಿದ್ರೆಯಲ್ಲೇ ಪ್ರಾಣ ಬಿಟ್ಟ ಸಂಸಾರಗಳ ಸುದ್ದಿ ದೆಹಲಿಯ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲವೂ ಬರುತ್ತದೆ. ಆಮೆಯನ್ನು ಉಳಿಸಲು ಹೋಗಿ ಮನೆಯವರನ್ನು ಕಳೆದುಕೊಳ್ಳುವಂತಾಗಬಾರದು.

ಶಾಖವನ್ನು ಬೇಕಾದ ಮಟ್ಟದಲ್ಲಿಡಲು ಸಾಧ್ಯವಾಗದ ದಿನಗಳಲ್ಲಿ ಆಹಾರ ನಿಲ್ಲಿಸುವುದು ಪ್ರಾಣಿಗೆ ಮಾಡುವ ಉಪಕಾರ. ಆರೋಗ್ಯವಂತ ಆಮೆ ಒಂದು ವಾರ ಉಪವಾಸವಿರಬಲ್ಲದು. ಚಳಿಯಲ್ಲಿ ತಿಂದು ಬದುಕುವುದು ಅದಕ್ಕೆ ಹೆಚ್ಚು ಕಷ್ಟ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಊದಿದ ಕಣ್ಣು, ವಾಲಿಕೊಂಡು ಈಜುವುದು, ಇವುಗಳಲ್ಲಿ ಒಂದು ಕಂಡರೂ ನೀರನ್ನು 27, 28 ಡಿಗ್ರಿಗೆ ನಿಧಾನವಾಗಿ ಏರಿಸಿ ಅದೇ ದಿನ ವೈದ್ಯರಲ್ಲಿಗೆ ಒಯ್ಯಬೇಕು. ಒಯ್ಯುವಾಗ ಥರ್ಮೋಕೋಲ್ ಡಬ್ಬಿಯೊಳಗೆ ಬಿಸಿನೀರಿನ ಬಾಟಲಿಯೊಂದನ್ನು ಜೊತೆಗಿಡಬೇಕು. ನಾನು ಒಯ್ದದ್ದು ತೆರೆದ ಬಕೆಟ್ಟಿನಲ್ಲಿ, ಆಟೋದಲ್ಲಿ.

ಯಾವಾಗ ಆರಂಭ, ಯಾವಾಗ ಮುಕ್ತಾಯ

ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗಲೇ ಹೀಟರನ್ನು ಒಂದು ಬಕೆಟ್ ನೀರಿನಲ್ಲಿಟ್ಟು ಒಂದು ರಾತ್ರಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು; ಡಿಸೆಂಬರಿನಲ್ಲಿ ಕೆಟ್ಟರೆ ಅಂಗಡಿಗಳಲ್ಲಿ ಸಿಗುವುದು ಕಷ್ಟ. ನವೆಂಬರ್ ಮಧ್ಯದಿಂದ ರಾತ್ರಿಗಳಲ್ಲಿ ಬೇಕಾಗುತ್ತದೆ. ಡಿಸೆಂಬರ್ ಕೊನೆಯ ವಾರದಿಂದ ಜನವರಿಯ ಮೂರನೆಯ ವಾರದವರೆಗೆ ಮಂಜು ಮುಸುಕಿ ಸೂರ್ಯನೇ ಕಾಣದ ದಿನಗಳಲ್ಲಿ ಹಗಲಿಗೂ ರಾತ್ರಿಗೂ ವ್ಯತ್ಯಾಸವಿರುವುದಿಲ್ಲ. ಹವಾಮಾನ ಇಲಾಖೆ ‘ಶೀತಲ ದಿನ’ವೆಂದು ಘೋಷಿಸಿದಾಗ, ಶೀತಗಾಳಿಯ ಎಚ್ಚರಿಕೆಗಿಂತಲೂ ಹೆಚ್ಚು ಜಾಗರೂಕರಾಗಿರಬೇಕು; ಕೋಣೆಯ ಗೋಡೆಗಳು ಹಗಲಿನಲ್ಲಿ ಕಾಯದೆ ಹೋದರೆ ಮುಂದಿನ ರಾತ್ರಿ ಇನ್ನೂ ತಣ್ಣಗಿನ ಆರಂಭ ಪಡೆಯುತ್ತದೆ. ಒಳ್ಳೆಯ ಬಿಸಿಲು ಬಂದ ಮಧ್ಯಾಹ್ನ ಪ್ರಾಣಿಯನ್ನು ನೆರಳಿನ ಒಂದು ಮೂಲೆಯಿರುವ ಬುಟ್ಟಿಯಲ್ಲಿ ಬಾಲ್ಕನಿಗೆ ಒಯ್ಯಬಹುದು. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲಿನಲ್ಲಿ ಅದರ ಎಲುಬಿಗೆ ಬೇಕಾದ ನೇರಳಾತೀತ ಕಿರಣಗಳಿರುವುದಿಲ್ಲ.

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎನ್ನುತ್ತ ಓಡುತ್ತದೆಂಬುದು ನಮ್ಮ ಊರಿನ ಮಾತು. ದೆಹಲಿಯ ಚಳಿ ಹೋಳಿಯವರೆಗೂ ಹೊಸ್ತಿಲಲ್ಲಿ ಕುಳಿತಿರುತ್ತದೆ. ರಾತ್ರಿಯ ಕನಿಷ್ಠ ಉಷ್ಣಾಂಶ ಒಂದು ವಾರ ಸತತವಾಗಿ ಹದಿನೈದರ ಮೇಲೆ ನಿಂತ ಬಳಿಕ ನಿಯಂತ್ರಕವನ್ನು ದಿನಕ್ಕೆ ಅರ್ಧ ಡಿಗ್ರಿಯಂತೆ ಇಳಿಸುತ್ತ ಬಂದು, ನೀರು ತಾನಾಗಿಯೇ 24ರಲ್ಲಿ ನಿಲ್ಲುವ ದಿನ ಹೀಟರನ್ನು ತೆಗೆಯಬಹುದು. ಇಲ್ಲಿನ ಗಡಸು ನೀರಿನಿಂದ ಅದರ ಕೊಳವೆಯ ಮೇಲೆ ಬಿಳಿಯ ಸುಣ್ಣದ ಪದರ ಕಟ್ಟಿರುತ್ತದೆ. ವಿನೆಗರಿನಲ್ಲಿ ಒಂದು ಗಂಟೆ ನೆನೆಸಿ, ತೊಳೆದು, ಒಣಗಿಸಿ, ತಂತಿಯಲ್ಲಿ ಬಿರುಕಿದೆಯೇ ಎಂದು ನೋಡಿ, ರಜಾಯಿಗಳನ್ನು ಕಟ್ಟಿಡುವ ಪೆಟ್ಟಿಗೆಯಲ್ಲೇ ಎತ್ತಿಡಬೇಕು.